ಅಮಾವಾಸ್ಯೆಗೊಂದು ಮಾರು

ತೆರಿಗೆಯವರನ್ನು ಊರಲ್ಲಿ ಯಾರೂ ಮನಸಾರೆ ಮದುವೆಗೆ ಕರೆಯುವುದಿಲ್ಲ. ಆದರೆ ನನ್ನನ್ನು ಕರೆಯುತ್ತಿದ್ದರು. ಕಾರಣ ಇಷ್ಟೇ, ಸಾರಿಗೆ ಕಚೇರಿಯ ತೆರಿಗೆ ವಿಭಾಗದಲ್ಲಿ ನನ್ನ ಪಾಲಿಗೆ ಬಂದದ್ದು ಕಟ್ಟಿಸಿಕೊಳ್ಳುವ ಮೇಜಲ್ಲ, ವಾಪಸ್ ಕೊಡುವ ಮೇಜು. ಓಡದೆ ನಿಂತ ಗಾಡಿಯ ತೆರಿಗೆ ರದ್ದು ಮಾಡುವುದು, ಮುಂಗಡ ಕಟ್ಟಿದ್ದರೆ ಅದನ್ನು ಹಿಂದಿರುಗಿಸುವುದು, ಇದಿಷ್ಟು ನನ್ನ ಕೆಲಸ. ಸರ್ಕಾರದ ಪೆಟ್ಟಿಗೆಗೆ ಹೋದದ್ದನ್ನು ಹೊರಗೆ ತೆಗೆಯುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಹಾಗೆ ತೆಗೆದುಕೊಟ್ಟವಳಿಗೆ ಒಂದು ಹೋಳಿಗೆ ಹೆಚ್ಚು ಬಡಿಸಿದರೆ ತಪ್ಪೇನಿಲ್ಲ.

ಮೊನ್ನೆ ಅದೇ ಮೇಜಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ‘ಮೇಡಂ, ಬಹಳ ಬೇಜಾರಿನ ಸೆಕ್ಷನ್ ಇದು. ಯಾವ ಫೈಲ್ ತೆಗೆದರೂ ನಿಂತ ಗಾಡಿ, ನಿಂತ ಗಾಡಿ’ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ನಿಂತ ಗಾಡಿಯ ಹಿಂದೆ ಒಂದು ಮನೆ ನಿಂತಿರುತ್ತದೆ ಎಂಬುದನ್ನು ಈ ಮಕ್ಕಳಿಗೆ ಯಾರು ಹೇಳಬೇಕು? ಕೂಡ್ರವ್ವ ಎಂದು ಅವಳಿಗೆ ಚಹಾ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನಮ್ಮ ಮನೆಯವರಿಗೇ ನೆನಪಿಲ್ಲ.

ಮೊದಲು ಕೆಲಸದ ರೀತಿ ತಿಳಿಯಲಿ. ಲಾರಿ, ಬಸ್ಸು, ಟೆಂಪೋ ಇಟ್ಟವರು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಗಾಡಿ ಕೆಟ್ಟು ನಿಂತರೆ, ಓಡಿಸುವುದಿಲ್ಲ ಎಂದು ಅರ್ಜಿ ಕೊಟ್ಟು, ನೋಂದಣಿ ಪುಸ್ತಕ, ಪರ್ಮಿಟ್ಟು ಎಲ್ಲ ನಮಗೆ ಒಪ್ಪಿಸಿ, ಇಂಥ ಜಾಗದಲ್ಲಿ ನಿಲ್ಲಿಸಿದ್ದೇನೆ ಎಂದು ಬರೆದುಕೊಡಬೇಕು. ಅಲ್ಲಿಂದ ಕೇಳದೆ ಕದಲಿಸುವಂತಿಲ್ಲ. ನಮ್ಮ ಮೋಟಾರು ವಾಹನ ನಿರೀಕ್ಷಕರು, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರು, ಹೇಳದೆ ಕೇಳದೆ ಹೋಗಿ ನೋಡಿ ವರದಿ ಕೊಡುತ್ತಾರೆ. ಗಾಡಿ ನಿಂತಲ್ಲೇ ನಿಂತಿದ್ದರೆ ತೆರಿಗೆ ರದ್ದು, ಕಟ್ಟಿದ್ದು ವಾಪಸ್. ನಮ್ಮ ಕಡೆಯ ಜನ ಇದಕ್ಕೆ ‘ಗಾಡಿ ಮಲಗಿಸೋದು’ ಎನ್ನುತ್ತಿದ್ದರು. ‘ಅಕ್ಕಾರ, ಈ ಸಲ ಗಾಡಿ ಮಲಗಿಸೀನ್ರಿ’ ಎಂದು ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರ ಹಾಗೆ ಹೇಳುತ್ತಿದ್ದರು.

ಕಚೇರಿ ದೂರ. ಅದಕ್ಕೆ ತಿಂಗಳಿಗೊಮ್ಮೆ ಒಂದೊಂದು ಊರಿನ ಪ್ರವಾಸಿ ಮಂದಿರದಲ್ಲಿ ಕ್ಯಾಂಪು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಸುತ್ತು. ಸಾಹೇಬರಿಗೆ, ಇನ್‌ಸ್ಪೆಕ್ಟರಿಗೆ ಜೀಪು. ನನಗೆ ಸರ್ಕಾರಿ ಬಸ್ಸು, ಜತೆಗೆ ಕಡತ ತುಂಬಿದ ಕಬ್ಬಿಣದ ಟ್ರಂಕು. ಆ ಟ್ರಂಕಿಗೆ ಕಂಡಕ್ಟರುಗಳು ಲಗೇಜು ಟಿಕೆಟ್ ಹರಿಯುವರು, ನಾನು ಜಗಳಾಡುವೆನು. ಬಾಯಿ ಜೋರಾದದ್ದು ಆ ಟ್ರಂಕಿನಿಂದಲೇ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಶುರುವಿನಲ್ಲಿ ನಾನೂ ಯಡವಟ್ಟು ಮಾಡದೆ ಇಲ್ಲ. ಹೊಸಹಳ್ಳಿ ಕಡೆಯ ಹಿರಿಯರೊಬ್ಬರು ಹಳೆಯ ಟ್ರೇಲರನ್ನು ಗುಜರಿಗೆ ಹಾಕಿ, ತೆರಿಗೆ ರದ್ದು ಮಾಡಿಸಲು ಕೂಡ್ಲಿಗಿ ಕ್ಯಾಂಪಿಗೆ ಬಂದಿದ್ದರು. ಅಂಥ ಗಾಡಿಯ ಚಾಸಿಯಲ್ಲಿ ನಂಬರ್ ಕೊರೆದ ಅಂಗೈಯಗಲದ ತುಂಡನ್ನು ಕತ್ತರಿಸಿ ತಂದು ಒಪ್ಪಿಸಬೇಕು. ನಾನು ಗಡಿಬಿಡಿಯಲ್ಲಿ ‘ಚಾಸಿ ತಂದು ತೋರಿಸ್ರಿ’ ಎಂದುಬಿಟ್ಟೆ. ಮುಂದಿನ ಕ್ಯಾಂಪಿನ ದಿನ ಪ್ರವಾಸಿ ಮಂದಿರದ ಗೇಟಿನಲ್ಲಿ ಎತ್ತಿನ ಬಂಡಿ ನಿಂತಿತ್ತು. ಅದರ ಮೇಲೆ ಹಗ್ಗ ಬಿಗಿದ ಇಡೀ ಚಾಸಿ. ‘ಅಕ್ಕಾರ, ಬಾಗಲದಾಗ ಹಿಡಿಸವಲ್ದು. ನೀವ ಹೊರಗ ಬಂದು ನೋಡ್ರಿ’ ಎಂದರು ಆ ಹಿರಿಯರು, ಸಿಟ್ಟಿಲ್ಲ ಸೆಡವಿಲ್ಲ. ನಾನು ಹೊರಗೆ ಹೋಗಿ, ನೋಡಿ, ಎತ್ತುಗಳಿಗೆ ನೀರು ಕುಡಿಸಿ ಕಳಿಸಿದೆ. ಅಂದಿನಿಂದ ಏನು ಹೇಳಿದರೂ ಎದುರಿಗಿದ್ದವರಿಂದ ಒಮ್ಮೆ ತಿರುಗಿ ಹೇಳಿಸುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿರಿ.

ಇನ್ನು ಮೇಲಧಿಕಾರಿಗಳು. ಹಲವರನ್ನು ಕಂಡೆ. ಕೆಲವರು ಸಹಿ ಹಾಕಲು ಹೆದರುವವರು, ಕೆಲವರು ಸಹಿಯನ್ನೇ ಮಾರುವವರು. ಇಬ್ಬರ ಸುದ್ದಿಯೂ ಬೇಡ. ನಾನು ಹೇಳುವುದು ಕರಾವಳಿ ಕಡೆಯಿಂದ ಬಂದ ಒಬ್ಬ ಸಾಹೇಬರ ವಿಷಯ. ಬಿಳಿ ಪ್ಯಾಂಟು, ಬಿಳಿ ಶರ್ಟು. ಕ್ಯಾಂಪಿನಲ್ಲಿ ಯಾರ ಮನೆಯ ನೀರೂ ಮುಟ್ಟರು. ಕಾಫಿಗೆ ತಮ್ಮದೇ ಥರ್ಮಾಸು, ಊಟಕ್ಕೆ ತಮ್ಮದೇ ಡಬ್ಬಿ. ಬಂದ ಹೊಸತರಲ್ಲಿ ಮನುಷ್ಯ ಮೃದುವಾಗಿಯೇ ಇದ್ದರು. ಅವರನ್ನು ಗಟ್ಟಿ ಮಾಡಿದ್ದು ಹರಪನಹಳ್ಳಿ ಕಡೆಯ ಒಂದು ಲಾರಿ.

ಆ ಲಾರಿಯ ಮಾಲೀಕ ಗಾಡಿ ಮಲಗಿಸಿದ್ದೇನೆಂದು ಅರ್ಜಿ ಕೊಟ್ಟಿದ್ದ. ಹೋಗಿ ನೋಡಿದರೆ ಹಿಂದಿನ ಗಾಲಿಗಳಿಲ್ಲ, ಕಲ್ಲಿನ ಮೇಲೆ ಕೂತಿದೆ. ಮೇಲೆ ಹರಕು ತಾಡಪತ್ರಿ, ಕೆಳಗೆ ಮಲಗಿದ ನಾಯಿ. ಸಾಹೇಬರು ಅಯ್ಯೋ ಪಾಪ ಎಂದು ರೀಫಂಡಿಗೆ ಸಹಿ ಹಾಕಿದರು. ಅದೇ ವಾರ ಅವರು ಹಡಗಲಿಗೆ ಹೋಗುತ್ತಿರುವಾಗ ಹಿಂದಿನಿಂದ ಭೋಂ ಎಂದು ಹಾರ್ನ್ ಹೊಡೆಯುತ್ತ ಒಂದು ಲಾರಿ ಅವರ ಜೀಪನ್ನೇ ಹಿಂದೆ ಹಾಕಿ ಹೋಯಿತು. ನಂಬರ್ ನೋಡಿದರೆ ಕಲ್ಲಿನ ಮೇಲೆ ಕೂತಿದ್ದ ಅದೇ ಲಾರಿ. ಇನ್‌ಸ್ಪೆಕ್ಟರ್ ಬರುವ ಸುದ್ದಿ ಸಿಕ್ಕಾಗ ಗಾಲಿ ಬಿಚ್ಚುವುದು, ಹೋದಮೇಲೆ ಜೋಡಿಸುವುದು, ಇದು ಅವನ ಕಸುಬು.

ಮರುದಿನ ಸಾಹೇಬರು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: ‘ನೋಡಿ, ಇನ್ನು ಮೇಲೆ ಬರೆದುಕೊಟ್ಟ ಜಾಗದಿಂದ ಗಾಡಿ ಒಂದು ಇಂಚು ಕದಲಿದರೂ ಅರ್ಜಿ ತಿರಸ್ಕಾರ. ಎಂತದೂ ಕಾರಣ ಬೇಡ ನನಗೆ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಆ ಬರೆ ಬಿದ್ದದ್ದು ಹೊಳೆದಂಡೆಯ ಹಂಪಸಾಗರದ ಗೌರಮ್ಮನ ಮೇಲೆ.

ಗೌರಮ್ಮನ ಗಂಡ ಚನ್ನಬಸಪ್ಪ. ಅವರದು ಒಂದೇ ಲಾರಿ, ಅವನೇ ಮಾಲೀಕ, ಅವನೇ ಡ್ರೈವರು. ಭತ್ತದ ಲೋಡು ಹೊತ್ತು ಹೋಗುವಾಗ ದಾರಿಯಲ್ಲೇ ಎಂಜಿನ್ ಹಿಡಿದುಕೊಂಡು ನಿಂತಿತ್ತು. ಊರಿಗೆ ಎಳೆಸಿಕೊಂಡು ಬಂದು, ಎಂಜಿನ್ ಇಳಿಸಿ ಹಗರಿಬೊಮ್ಮನಹಳ್ಳಿಯ ಇಮಾಮ್‌ಸಾಬ್ ಎಂಬ ಮೇಸ್ತ್ರಿಯ ಶೆಡ್ಡಿಗೆ ಹಾಕಿದರು. ಒಳಗಿನ ಸಾಮಾನೆಲ್ಲ ಹೊಸದು ತರಬೇಕು, ತರಲು ಕೈಯಲ್ಲಿಲ್ಲ. ಇಡೀ ವರ್ಷದ ತೆರಿಗೆಯನ್ನು ಮಾತ್ರ ಆಗಷ್ಟೇ ಕಟ್ಟಿದ್ದರು. ಅದು ವಾಪಸ್ ಬಂದರೆ ಎಂಜಿನ್ ಎದ್ದೀತು. ಬಾರದಿದ್ದರೆ, ಮೇಲಿಂದ ನಿಂತ ಕಾಲದ ತೆರಿಗೆಯೂ ದಂಡವೂ ತಲೆಗೆ ಬಂದರೆ, ಲಾರಿ ಗುಜರಿಗೆ. ಗುಜರಿಯವನು ಆಗಲೇ ಎರಡು ಸಲ ಬಂದು ಗಾಡಿಯನ್ನು ತಟ್ಟಿ ನೋಡಿ ಹೋಗಿದ್ದ. ಚನ್ನಬಸಪ್ಪ ಹೊಟ್ಟೆಪಾಡಿಗೆ ಸೊಲ್ಲಾಪುರದ ಲೈನಿನಲ್ಲಿ ಯಾರದೋ ಲಾರಿಗೆ ಸಂಬಳದ ಡ್ರೈವರಾಗಿ ಹೋದ. ಅರ್ಜಿಯ ಬೆನ್ನು ಹತ್ತುವುದು ಗೌರಮ್ಮನ ಪಾಲಿಗೆ ಬಂತು.

ಆಕೆಗೆ ಓದು ಬರದು, ಆದರೆ ಎದೆಗಾರಿಕೆ ಬಹಳ. ಪ್ರತಿ ಕ್ಯಾಂಪಿಗೂ ಬಂದು ಮೇಜಿನ ಎದುರು ನಿಂತು, ‘ಅಕ್ಕಾರ, ನಮ್ಮ ಗಾಡಿ ಕಾಗದ ಎಲ್ಲಿಗೆ ಬಂತ್ರಿ?’ ಎಂದು ಕೇಳುತ್ತಿದ್ದಳು. ಗಾಡಿ ಮಲಗಿ ವರ್ಷ ದಾಟುತ್ತ ಬಂದಾಗ ನಮ್ಮ ಇನ್‌ಸ್ಪೆಕ್ಟರು ಹಂಪಸಾಗರಕ್ಕೆ ಹೋದರು. ರಾಘವೇಂದ್ರ ಎಂದು ಅವರ ಹೆಸರು, ಮಂಡ್ಯ ಕಡೆಯ ಹುಡುಗ, ಕೆಲಸಕ್ಕೆ ಹೊಸಬ, ಪ್ರಾಮಾಣಿಕ. ಸುಳ್ಳು ಬರೆಯುವವರಲ್ಲ. ಅದೇ ತೊಂದರೆಯಾಯಿತು.

ಅರ್ಜಿಯಲ್ಲಿ ಬರೆದಿದ್ದದ್ದು ‘ಊರ ಮುಂದಿನ ಹುಣಸೆಮರದ ಬುಡದಲ್ಲಿ ನಿಲ್ಲಿಸಿದೆ’ ಎಂದು. ಅವರು ಹೋಗಿ ನೋಡಿದಾಗ ಮರದ ಬುಡದಲ್ಲಿ ಲಾರಿ ಇಲ್ಲ. ಬಯಲಿನ ಆಚೆ ತುದಿಯಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಇದೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು, ಲಾರಿ ಅದೇ. ಬಾನೆಟ್ ಎತ್ತಿದರೆ ಎಂಜಿನ್ ಇಲ್ಲ. ಕಂಡದ್ದನ್ನು ಕಂಡಂತೆ ಬರೆದರು: ವಾಹನ ಹೇಳಿದ ಸ್ಥಳದಲ್ಲಿಲ್ಲ, ಸ್ಥಳಾಂತರಗೊಂಡಿದೆ.

ಸಾಹೇಬರ ಲೆಕ್ಕ ಸರಳವಾಗಿತ್ತು. ಎಂಜಿನ್ ಇಲ್ಲದ ಲಾರಿ ನಡೆದು ಹೋಗುವುದಿಲ್ಲ. ಲಾರಿ ಜಾಗ ಬದಲಿಸಿದೆ. ಅಂದರೆ ಮಲಗಿಸಿದ್ದೇವೆ ಎಂದ ಮೇಲೂ ಎಂಜಿನ್ ಇತ್ತು, ಓಡಿದೆ, ಆಮೇಲೆ ಎಂಜಿನ್ ಇಳಿಸಿದ್ದಾರೆ. ಹರಪನಹಳ್ಳಿಯವನು ಗಾಲಿ ಬಿಚ್ಚಿದ, ಇವರು ಎಂಜಿನ್ ಬಿಚ್ಚಿದರು. ಅರ್ಜಿ ಏಕೆ ತಿರಸ್ಕರಿಸಬಾರದು ಎಂದು ಗೌರಮ್ಮನಿಗೆ ನೋಟಿಸು ಹೋಯಿತು. ಅದನ್ನು ಟೈಪು ಮಾಡಿದವಳು ನಾನೇ.

ಹಗರಿಬೊಮ್ಮನಹಳ್ಳಿ ಕ್ಯಾಂಪಿನ ದಿನ ಆಕೆ ಇಮಾಮ್‌ಸಾಬರನ್ನು ಕರೆದುಕೊಂಡು ಬಂದಳು. ಗೇಟಿನ ಹೊರಗೆ ಬೇವಿನಮರದ ಕೆಳಗೆ ಕೂರುವ ಒಬ್ಬ ಏಜೆಂಟ್, ಇನ್‌ಸ್ಪೆಕ್ಟರಿಂದ ಬೇರೆ ವರದಿ ಬರೆಸಿಕೊಡುತ್ತೇನೆ, ಇಷ್ಟು ಕೊಡು ಎಂದನಂತೆ. ‘ಸುಳ್ಳು ಬರಿಸಿ ಎಬ್ಬಿಸಿದ ಗಾಡಿ ನಮಗ ಅನ್ನ ಹಾಕತೈತೇನಪ ಯಣ್ಣ’ ಎಂದು ಹೇಳಿ ಒಳಗೆ ಬಂದಳು. ಇದನ್ನು ಆಮೇಲೆ ಇಮಾಮ್‌ಸಾಬರು ನನಗೆ ಹೇಳಿದರು.

ಸಾಹೇಬರು ಕೇಳಿದರು: ‘ನೀವು ಲಾರಿಯನ್ನು ಮರದ ಕೆಳಗಿಂದ ಕದಲಿಸಿದ್ದೀರಾ?’

‘ಇಲ್ರಿ ಸಾಹೇಬರ. ನಿಂತಲ್ಲೇ ನಿಂತೈತಿ.’

‘ಈಗ ಎಲ್ಲಿ ಉಂಟು ಅದು?’

‘ಅಲ್ಲೇ ರೀ, ಗಿರಣಿ ಮುಂದ.’

‘ಅರ್ಜಿಯಲ್ಲಿ ಹುಣಸೆಮರ ಅಂತ ಬರೆದಿದ್ದೀರಲ್ಲ?’

‘ಹೂಂನ್ರಿ, ಹುಣಸಿಮರದ ಬುಡಕ್ಕ ನಿಲ್ಲಿಸಿದ್ವಿ.’

ಸಾಹೇಬರು ನನ್ನ ಮುಖ ನೋಡಿದರು. ಗೌರಮ್ಮ ಸುಳ್ಳು ಹೇಳುವವರ ಹಾಗೆ ತಡವರಿಸಲಿಲ್ಲ, ನೆಲ ನೋಡಲಿಲ್ಲ. ಮರದ ಕೆಳಗೆ ನಿಲ್ಲಿಸಿದ್ದೂ ಖರೆ, ಗಿರಣಿಯ ಮುಂದೆ ಇರುವುದೂ ಖರೆ, ಕದಲಿಸಿಲ್ಲ ಎಂಬುದೂ ಖರೆ ಎಂಬಂತೆ ನಿಂತಿದ್ದಳು. ಇಮಾಮ್‌ಸಾಬರು ಮುಂದೆ ಬಂದು, ‘ಸಾಬ್, ಎಂಜಿನ್ ಮೊದಲ ದಿನದಿಂದ ನನ್ನ ಶೆಡ್‌ನಾಗ ಐತಿ. ಅಲ್ಲಾನ ಮ್ಯಾಲ ಆಣಿ’ ಎಂದರು.

‘ಇವತ್ತು ಇದೆ, ನಾನು ಒಪ್ಪುತ್ತೇನೆ’ ಎಂದರು ಸಾಹೇಬರು. ‘ಲಾರಿ ಕದಲಿದ ದಿನ ಎಲ್ಲಿತ್ತು ಅಂತ ನಾನು ಹೇಗೆ ತಿಳಿಯುವುದು? ಊಟದ ನಂತರ ಆದೇಶ ಬರೆಯುತ್ತೇನೆ.’ ಎದ್ದು ತಮ್ಮ ಡಬ್ಬಿಯತ್ತ ಹೋದರು.

ಗೌರಮ್ಮ ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಅಳಲಿಲ್ಲ. ಕಿಟಕಿಯಾಚೆ ಹೊತ್ತು ನೋಡಿ, ‘ಅಕ್ಕಾರ, ಆದೇಸ ಆಮ್ಯಾಲ ನೀವ ಇಸಗೊಂಡಿರ್ರಿ. ನಾ ಬಸ್ಸಿಗೆ ಹೊಕ್ಕೀನಿ. ಇವತ್ತು ಅಮಾಸಿ, ಗಾಡಿ ಪೂಜಿ ಮಾಡಬೇಕು’ ಎಂದಳು.

ನಾನು ಕೊಟ್ಟೂರಿನವಳು. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಸೈಕಲ್ಲಿನಿಂದ ಹಿಡಿದು ಲಾರಿಯ ತನಕ ಎಲ್ಲಕ್ಕೂ ಪೂಜೆ, ಕಾಯಿ, ಗಾಲಿಗೆ ನಿಂಬೆಹಣ್ಣು. ಆದರೆ ಎಂಜಿನ್ನೇ ಇಲ್ಲದ ಗಾಡಿಗೆ ಪೂಜೆ ನಾನು ಕೇಳಿರಲಿಲ್ಲ. ಬಾಯಿ ಸುಮ್ಮನಿರದೆ ಕೇಳಿದೆ, ‘ಮಲಗಿದ ಗಾಡಿಗೂ ಪೂಜಿ ಮಾಡ್ತೀಯಾ?’

‘ಮಲಗೈತಿ ಅಂತ ಕೂಸಿಗೆ ಹಾಲು ಬಿಡಸ್ತಾರೇನ್ರಿ?’

‘ನಿಂಬಿಹಣ್ಣು ಇಡ್ತೀಯಾ?’

‘ಇಡದ ಇರಾಕಾಕೈತೇನ್ರಿ? ನಾಕೂ ಕಡೆ ಇಡ್ತೀವಿ.’

‘ಮತ್ತ ಅವು ಒಡಿಯೋದು ಹ್ಯಾಂಗ?’

ಎಂಥ ಪ್ರಶ್ನೆ ಎಂಬಂತೆ ಆಕೆ ನನ್ನನ್ನು ನೋಡಿದಳು. ‘ಊರ ಮಂದಿ ಕೂಡಿ ನೂಕತಾರ್ರಿ. ಹಣ್ಣು ಒಡೀಲಿಲ್ಲಂದ್ರ ದೃಷ್ಟಿ ಹಂಗ ಉಳೀತೈತಲ್ಲ. ಒಂದು ಮಾರು ಮುಂದಕ್ಕ ಸರೀತೈತಿ, ಹಣ್ಣು ಒಡೀತಾವ, ಕಾಯಿ ಒಡದು ಮನಿಗೆ ಹೋಗತೀವಿ.’

‘ಆಮ್ಯಾಲ ಹಿಂದಕ್ಕ ತರಂಗಿಲ್ಲೇನು?’

‘ಪೂಜಿ ಆದ ಗಾಡಿ ಹಿಂದಕ್ಕ ಸರೀಬಾರದ್ರಿ. ಗಾಡಿ ಹಿಂದಕ್ಕ ಬಂದ್ರ ಮಾಲಕನೂ ಹಿಂದಕ್ಕ ಬೀಳತಾನ.’

ನಾನು ಪೆನ್ನು ಕೆಳಗಿಟ್ಟೆ. ಅಮಾವಾಸ್ಯೆಗೊಂದು ಮಾರು. ವರ್ಷವೆಲ್ಲ ಸೇರಿದರೆ ಹುಣಸೆಮರದಿಂದ ಗಿರಣಿ. ಲಾರಿ ಓಡಿರಲಿಲ್ಲ, ಇಡೀ ಊರು ಕೂಡಿ ಅದನ್ನು ತಿಂಗಳಿಗೊಮ್ಮೆ ಮುಂದಕ್ಕೆ ಸರಿಸಿತ್ತು. ಇದನ್ನು ಆಗಲೇ ಸಾಹೇಬರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ಅವರು ಗಾಡಿ ಕದಲಿಸೀರೇನು ಅಂದ್ರು. ಪೂಜಿ ಮಾಡೀರೇನು ಅಂತ ಕೇಳಲೇ ಇಲ್ಲಲ್ರಿ’ ಎಂದಳು. ಆಕೆಯ ಮಟ್ಟಿಗೆ ಪೂಜೆಗೆ ನೂಕುವುದು ಕದಲಿಸುವುದೇ ಅಲ್ಲ. ದಿನಾ ಅದನ್ನು ನೋಡುತ್ತಿದ್ದ ಊರವರಿಗೂ ಲಾರಿ ಇಷ್ಟು ದೂರ ಬಂದದ್ದು ಲಕ್ಷ್ಯಕ್ಕೆ ಬಂದಿರಲಿಲ್ಲ.

ನಾನು ನೇರವಾಗಿ ಸಾಹೇಬರು ಊಟ ಮಾಡುತ್ತಿದ್ದ ಕೋಣೆಗೆ ಹೋದೆ. ಊಟದ ಹೊತ್ತಲ್ಲಿ ಅವರನ್ನು ಮಾತಾಡಿಸಿದವರು ನಮ್ಮ ಕಚೇರಿಯಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿ ತುತ್ತು ಹಿಡಿದುಕೊಂಡೇ ಎಲ್ಲ ಕೇಳಿದರು. ‘ಎಂತ ಕಥೆ ಕಟ್ಟುತ್ತೀರಿ ಮಾರಾಯ್ರೆ’ ಎಂದರು.

‘ಕಥೆ ಅಲ್ಲ ಸಾರ್. ಇವತ್ತೇ ಅಮಾವಾಸ್ಯೆ. ಜೀಪು ಹೊರಗೇ ನಿಂತಿದೆ. ಹೋಗಿ ನೋಡಿ, ಸುಳ್ಳಾಗಿದ್ದರೆ ಆದೇಶದ ಜೊತೆ ನನ್ನ ವರ್ಗಾವಣೆಗೂ ಬರೆದುಬಿಡಿ’ ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ, ಕಂಡಕ್ಟರುಗಳ ಜೊತೆ ಜಗಳಾಡಿದ ಪುಣ್ಯ ಇರಬೇಕು.

ಸಾಹೇಬರು, ರಾಘವೇಂದ್ರ, ನಾನು, ಗೌರಮ್ಮ, ಎಲ್ಲ ಒಂದೇ ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ, ಇದು ಸುಳ್ಳಾದರೆ ನನ್ನ ಕಥೆ ಏನೆಂಬುದು ನನ್ನ ಚಿಂತೆ, ಗಾಡಿಯ ಕಥೆ ಏನೆಂಬುದು ಗೌರಮ್ಮನದು.

ಹುಣಸೆಮರದ ಹತ್ತಿರ ಇಳಿದು ಸಾಹೇಬರು ನೆಲ ನೋಡುತ್ತ ನಡೆದರು. ಗಾಲಿಯ ಅಗಲಕ್ಕೆ ಸರಿಯಾಗಿ ಎರಡು ಸಾಲು, ಮಣ್ಣಿನಲ್ಲಿ ಒಣಗಿ ಕಪ್ಪಾಗಿ ಅಂಟಿದ ನಿಂಬೆಯ ಸಿಪ್ಪೆ. ಒಂದಿಷ್ಟು ಮಳೆಗೆ ಹೋಗಿದ್ದವು, ಒಂದಿಷ್ಟನ್ನು ಮೇಕೆಗಳು ತಿಂದಿದ್ದವು, ಆದರೂ ಸಾಲು ತಪ್ಪಿರಲಿಲ್ಲ. ಗಿರಣಿಯ ಹತ್ತಿರ ಬಂದಷ್ಟೂ ಸಿಪ್ಪೆ ಹೊಸದಾಗುತ್ತ ಬಂತು. ಸಾಹೇಬರು ಒಂದನ್ನು ಬೂಟಿನ ತುದಿಯಿಂದ ಕೆದಕಿ ನೋಡಿದರು.

‘ಸರಿ, ನೂಕಿ ತೋರಿಸಿ’ ಎಂದರು.

ಆಗ ಬಂತು ಫಜೀತಿ. ಎರಡು ದಿನದಿಂದ ಕೈಕೊಟ್ಟಿದ್ದ ಕರೆಂಟು ಅದೇ ಹೊತ್ತಿಗೆ ಬಂದಿತ್ತು. ಗಿರಣಿ ಗರಗರ ತಿರುಗುತ್ತಿತ್ತು, ಊರ ಗಂಡಸರೆಲ್ಲ ಹೊಲದ ಪಂಪ್‌ಸೆಟ್ ಚಾಲೂ ಮಾಡಲು ಓಡಿದ್ದರು. ಉಳಿದವರು ನಾಲ್ಕೈದು ಮುದುಕರು, ಹಿಟ್ಟು ಬೀಸಿಸಲು ಬಂದ ಹೆಂಗಸರು. ಗೌರಮ್ಮ ಬಾನೆಟ್ ಎತ್ತಿ, ಎಂಜಿನ್ ಇರಬೇಕಾದ ಜಾಗದಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಎಬ್ಬಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಕೆಳಗೆ ಮೊಟ್ಟೆಗಳಿದ್ದವು. ರಾಘವೇಂದ್ರ ಅದನ್ನು ನೋಡಿ ಸಾಹೇಬರ ಮುಖ ನೋಡಿದರು. ಗಾಲಿಗಳ ಮುಂದೆ ಹಣ್ಣು ಇಟ್ಟು, ಊದುಬತ್ತಿ ಬೆಳಗಿ, ಎಲ್ಲರೂ ಹಿಂದಿನ ಹಲಗೆಗೆ ಕೈ ಹಚ್ಚಿದರು. ‘ಹರಹರ’ ಎಂದು ನೂಕಿದರು. ಲಾರಿ ಜಗ್ಗಲಿಲ್ಲ. ಗಿರಣಿಯ ಮುಂದೆ ನೆಲ ಕೊಂಚ ಏರು. ಇನ್ನೊಮ್ಮೆ ನೂಕಿದರು, ಆಗಲೂ ಜಗ್ಗಲಿಲ್ಲ.

ಸಾಹೇಬರು ಕೈಕಟ್ಟಿ ನೋಡುತ್ತಿದ್ದರು. ಕಡೆಗೂ ಇವರು, ನೂಕಿದರೆ ಹೋಗುವುದಿಲ್ಲ, ಎಂಜಿನ್ನಿನಿಂದಲೇ ಹೋಗಿದೆ ಎಂದುಬಿಟ್ಟರೆ ಮುಗಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಹೋಗಿ ಕೈ ಹಚ್ಚಿದೆ. ನನ್ನ ಹಿಂದೆ ಜೀಪಿನ ಡ್ರೈವರು ಬಂದ. ರಾಘವೇಂದ್ರ ಒಂದು ಗಳಿಗೆ ತಡೆದು, ಫೈಲನ್ನು ಜೀಪಿನೊಳಗೆ ಎಸೆದು ಬಂದರು. ಲಾರಿ ಒಂದಿಷ್ಟು ತೂಗಿ ಮತ್ತೆ ಹಿಂದಕ್ಕೆ ಕೂತಿತು.

ಕಂಕುಳಲ್ಲಿ ಕೋಳಿ ಹಿಡಿದಿದ್ದ ಗೌರಮ್ಮ ತಿರುಗಿ, ‘ಸಾಹೇಬರ, ಒಂದೀಟು ಕೈ ಹಚ್ರಿ. ನಿಮಗೂ ಒಳ್ಳೇದಾಕೈತಿ’ ಎಂದಳು. ಅವಳ ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಪಕ್ಕದ ಮನೆಯವರನ್ನು ಕರೆದ ಹಾಗೆ ಕರೆದಳು.

ಸಾಹೇಬರು ಆಚೆ ಈಚೆ ನೋಡಿದರು. ಶರ್ಟಿನ ತೋಳು ಮಡಚಿದರು. ಬಂದು ನನ್ನ ಪಕ್ಕದಲ್ಲಿ ಎರಡೂ ಅಂಗೈ ಊರಿ ನಿಂತರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ, ಹೊರೆ ಹೊರುವಾಗ ಹತ್ತನೆಯವನ ಬೆಲೆಯೂ ಗೊತ್ತಾಗುತ್ತದೆ. ಲಾರಿ ಕಿರ್ರೆಂದಿತು, ಸರಿಯಿತು, ಹಣ್ಣುಗಳು ಚಟ್ಟನೆ ಒಡೆದವು. ಹಿಂದಿನ ಗಾಲಿಯ ಹಣ್ಣಿನ ರಸ ಸಾಹೇಬರ ಬಿಳಿ ಪ್ಯಾಂಟಿನ ಮೇಲೆ ಹಾರಿತು. ಬೀಸಿಸಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಸಾಹೇಬರು ಕೈ ಝಾಡಿಸಿಕೊಂಡು, ಲಾರಿ ನಿಂತಿದ್ದ ಜಾಗವನ್ನೂ ಈಗ ಬಂದ ಜಾಗವನ್ನೂ ನೋಡಿದರು. ‘ಅಲ್ಲ ಮಾರಾಯ್ರೆ, ಈಗ ಅನುಮತಿ ಇಲ್ಲದೆ ಗಾಡಿ ಕದಲಿಸಿದವರಲ್ಲಿ ನಾನೂ ಒಬ್ಬ ಆದೆನಲ್ಲ’ ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

‘ಹಿಂಗೇ ಬುಟ್ರೆ ಇನ್ನೊಂದೆರಡು ವರ್ಸಕ್ಕೆ ಹೊಳೆ ಸೇರ್ತದೆ ಕಣಮ್ಮೋ’ ಎಂದರು ರಾಘವೇಂದ್ರ.

‘ಅಷ್ಟರಾಗ ನೀವ ಅದರ ಹೊಟ್ಟಿಗೆ ಎಂಜಿನ್ ಬರಂಗ ಮಾಡ್ರಿ’ ಎಂದಳು ಗೌರಮ್ಮ. ಎಲ್ಲರಿಗೂ ಕೊಬ್ಬರಿ ಸಕ್ಕರೆ ಹಂಚಿದಳು. ಯಾರ ಮನೆಯ ನೀರೂ ಮುಟ್ಟದ ಸಾಹೇಬರು ಕೈ ಒಡ್ಡಿ ಇಸಿದುಕೊಂಡು ತಿಂದರು. ನಾನು ಏನೂ ನೋಡದವಳ ಹಾಗೆ ಬೇರೆ ಕಡೆ ತಿರುಗಿಕೊಂಡೆ.

ಆದೇಶವನ್ನು ಅವರು ಅಲ್ಲೇ ಜೀಪಿನ ಬಾನೆಟ್ ಮೇಲೆ ಇಟ್ಟು ಸ್ವಂತ ಕೈಯಿಂದ ಬರೆದರು. ಎಂಜಿನ್ ಇಲ್ಲದ ವಾಹನವನ್ನು ಗ್ರಾಮಸ್ಥರು ಪೂಜೆಯ ಸಲುವಾಗಿ ಕೈಯಿಂದ ನೂಕುವುದನ್ನು ಖುದ್ದಾಗಿ ಕಂಡಿದ್ದೇನೆ, ಇದು ರಸ್ತೆಯ ಮೇಲೆ ಓಡಿಸಿದಂತಲ್ಲ, ತೆರಿಗೆ ರದ್ದುಪಡಿಸಿ ಕಟ್ಟಿದ್ದನ್ನು ಹಿಂದಿರುಗಿಸತಕ್ಕದ್ದು. ಇನ್ನು ಮೇಲೆ ಜಾಗ ಬದಲಿಸುವ ಮುನ್ನ ತಿಳಿಸಬೇಕು ಎಂದೂ ಸೇರಿಸಿದರು. ‘ಅಮಾಸಿಗೊಂದು ಅರ್ಜಿ ಕೊಡಬೇಕೇನ್ರಿ?’ ಎಂದು ಗೌರಮ್ಮ ಗಾಬರಿಯಾದಳು. ನಾನು ಮಧ್ಯೆ ಬಾಯಿ ಹಾಕಿ, ನಿಲ್ಲಿಸಿದ ಜಾಗ ‘ಹುಣಸೆಮರದಿಂದ ಗಿರಣಿಯ ಆಚೆಯ ಬಯಲಿನವರೆಗೆ’ ಎಂದು ಬರೆದರಾಯಿತು ಎಂದೆ. ಅಂದಿನಿಂದ ನಾನು ಇರುವ ತನಕ ಎಲ್ಲರ ಅರ್ಜಿಯಲ್ಲೂ ಮರವನ್ನಷ್ಟೇ ಅಲ್ಲ, ಬಯಲನ್ನೂ ಬರೆಸಿದೆ.

ಇನ್ನು ಖಜಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಚಲನ್ ಸವೆದಿದೆ ಎಂದು ಒಮ್ಮೆ ಬಿಲ್ಲು ವಾಪಸ್, ಸೀಲು ಮಸುಕಾಗಿದೆ ಎಂದು ಇನ್ನೊಮ್ಮೆ. ಮೂರನೆಯ ಸಲ ನಾನೇ ಹೋಗಿ ಖಜಾನೆಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತೆ. ಚೆಕ್ ಬರುವ ತನಕ ಏಳುವುದಿಲ್ಲ ಎಂದು ಅವರಿಗೆ ಗೊತ್ತಾದಾಗ ಚೆಕ್ ಬಂತು.

ಆಮೇಲೆ ಎಷ್ಟೋ ಬದಲಾಯಿತು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಆ ತಾಲ್ಲೂಕಿನ ಕಡತಗಳನ್ನೆಲ್ಲ ಗಂಟು ಕಟ್ಟಿ ಕಳಿಸಿದೆವು. ಕಂಪ್ಯೂಟರು ಬಂತು, ನನ್ನ ಟ್ರಂಕು ತುಕ್ಕು ಹಿಡಿಯಿತು. ನಾನು ಅತ್ತು ಕರೆಯಲಿಲ್ಲ. ಖಜಾನೆಯ ಬೆಂಚು ತಪ್ಪಿದ್ದು ಒಳ್ಳೆಯದೇ ಆಯಿತು, ಈಗ ಬಂದ ಹುಡುಗಿಯರ ಬೆನ್ನಾದರೂ ಉಳಿಯುತ್ತದೆ. ಆದರೆ ಕಂಪ್ಯೂಟರಿನಲ್ಲಿ ‘ವಾಹನ ಕದಲಿದೆಯೇ, ಹೌದು, ಇಲ್ಲ’ ಎಂದಷ್ಟೇ ಕೇಳುತ್ತಾರೆ. ಹೌದಿಗೂ ಇಲ್ಲಕ್ಕೂ ನಡುವೆ ಒಂದು ಮಾರು ಇರುತ್ತದೆ. ಅದನ್ನು ನೀವು ಬಾಯಿಬಿಟ್ಟು ಕೇಳಬೇಕು, ಆಗದಿದ್ದರೆ ಎದ್ದು ಹೋಗಿ ನೋಡಬೇಕು.

ಚೆಕ್ ಬಂದ ಮೇಲೆ ಇಮಾಮ್‌ಸಾಬರು ಎಂಜಿನ್ ಎಬ್ಬಿಸಿದರು. ಹಂಪಸಾಗರಕ್ಕೆ ಕೊಂಡೊಯ್ದು ಕೂರಿಸಿದರು, ಆದರೆ ಅಮಾವಾಸ್ಯೆಯ ತನಕ ಚಾಲೂ ಮಾಡಬಾರದು ಎಂದು ಗೌರಮ್ಮ ಹಟ ಹಿಡಿದಳಂತೆ. ಓಡಿಸುತ್ತೇವೆ ಎಂಬ ಅರ್ಜಿ ಮೊದಲೇ ಕೊಟ್ಟು, ಕಾಗದವನ್ನೆಲ್ಲ ನನ್ನಿಂದ ಬಿಡಿಸಿಕೊಂಡು ಹೋಗಿ, ‘ಅಕ್ಕಾರ, ನೀವು ಬರಲೇಬೇಕು’ ಎಂದಳು. ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ನಾನೂ ರಾಘವೇಂದ್ರರೂ ಹೋದೆವು.

ಅಂದು ಕರೆಂಟ್ ಇರಲಿಲ್ಲ, ಊರೆಲ್ಲ ಬಯಲಿನಲ್ಲೇ ಇತ್ತು. ಸೊಲ್ಲಾಪುರದ ಲೈನು ಬಿಟ್ಟು ಬಂದಿದ್ದ ಚನ್ನಬಸಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ತನ್ನ ಸೀಟಿನ ಮೇಲೆ ಕೂತಿದ್ದ. ಗೌರಮ್ಮ ಗಾಲಿಗಳ ಮುಂದೆ ಹಣ್ಣು ಇಟ್ಟು, ಆರತಿ ಬೆಳಗಿ, ಪಕ್ಕಕ್ಕೆ ಸರಿದಳು. ಇಮಾಮ್‌ಸಾಬರು ಬಾನೆಟ್ ಮುಚ್ಚಿ ‘ಬಿಸ್ಮಿಲ್ಲಾ’ ಎಂದರು.

ಎಂಜಿನ್ ಒಮ್ಮೆ ಕೆಮ್ಮಿತು, ಹೊಗೆ ಬಿಟ್ಟಿತು, ಹಿಡಿಯಿತು. ಆಗ ನೋಡಿದೆ. ಊರ ಗಂಡಸರು ವರ್ಷದ ರೂಢಿಯಂತೆ ಲಾರಿಯ ಹಿಂದೆ ಹೋಗಿ ಸಾಲಾಗಿ ನಿಂತು, ಹಲಗೆಗೆ ಕೈ ಹಚ್ಚಿ, ನೂಕಲು ಕಾಲು ಊರಿದ್ದರು. ಎಂಜಿನ್ ಬಂದಿದೆ, ನೂಕಬೇಕಿಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ರಾಘವೇಂದ್ರರೂ ಅಲ್ಲೇ ನಿಂತಿದ್ದರು. ನನ್ನ ಅಂಗೈಯೂ ಆ ಹಲಗೆಯ ಮೇಲೆಯೇ ಇತ್ತು. ನಾವು ‘ಹರಹರ’ ಎನ್ನುವಷ್ಟರಲ್ಲಿ ಹಣ್ಣುಗಳು ಒಡೆದವು, ಹಲಗೆ ನಮ್ಮ ಕೈಗಳನ್ನು ಬಿಟ್ಟು ತಾನಾಗಿ ಮುಂದೆ ಹೋಯಿತು.